ಹಸಿರು ಬಟ್ಟೆ ಹಿಡಿದ ಬೆರಳುಗಳು

ಭಾಯಿ ತೀರಿಕೊಂಡ ಮೇಲೆ ನಮ್ಮ ಸ್ಟುಡಿಯೋದ ಮಾಲೀಕರು ಶ್ರದ್ಧಾಂಜಲಿ ಹಾಕಬೇಕೆಂದು ಅವರ ಫೋಟೋ ಹುಡುಕಿದರು. ಕಂಪ್ಯೂಟರಿನಲ್ಲಿ ಅರ್ಧ ದಾವಣಗೆರೆಯ ಮುಖಗಳಿದ್ದವು. ಕೈ ಮುಗಿಯುವ ಮುಖಂಡರು, ಕಣ್ಣು ಹೊಡೆಯುವ ಮದುಮಗಳು, ಹೂವು ಎರಚುವ ಅಜ್ಜಿ, ಎಲ್ಲರೂ ಇದ್ದರು. ಅವರನ್ನೆಲ್ಲ ಕತ್ತರಿಸಿ ಜೋಡಿಸಿದ ಮನುಷ್ಯನ ಒಂದು ಚಿತ್ರವೂ ಇರಲಿಲ್ಲ. ಆಗ ನಾನು ತವರಿನಲ್ಲಿ ಬಾಣಂತಿ. ಮಾಲೀಕರು ಫೋನ್ ಮಾಡಿ, "ನಿನ್ನತ್ರ ಐತೇನಮ್ಮ ಭಾಯಿದು ಒಂದಾದ್ರೂ?" ಎಂದು ಕೇಳಿದರು.

"ಇಲ್ಲ ಸರ್" ಎಂದೆ.

ಅದು ಪೂರ್ತಿ ನಿಜವಲ್ಲ. ನನ್ನ ಫೋನಿನಲ್ಲಿ ಅವರ ನಾಲ್ಕು ಬೆರಳುಗಳಿವೆ.

ಸ್ಟುಡಿಯೋ ಇರುವುದು ಹಳೇ ಪೇಟೆಯಲ್ಲಿ, ಬಟ್ಟೆ ಅಂಗಡಿಯ ಮಹಡಿ ಮೇಲೆ. ನಾನು ಕೌಂಟರಿನಲ್ಲಿ ಕೂರುವವಳು. ಭಾಯಿ ಒಳಗಿನ ಕೋಣೆಯಲ್ಲಿ ಕೂರುವವರು. ಎಲ್ಲರಿಗೂ ಅವರು ಭಾಯಿ. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಇಲ್ಲಿ ಬರೆಯುವುದೂ ಬೇಡ. ಅವರ ಕೆಲಸ ಹಿಂಬದಿ ಇಲ್ಲದ, ಅಲುಗಾಡುವ ಚಿತ್ರ ಮಾಡುವುದು. ಮದುವೆ ಮನೆಯ ದೊಡ್ಡ ಪರದೆಗೆ, ಹುಟ್ಟುಹಬ್ಬದ ಶುಭಾಶಯಕ್ಕೆ, ಫೋನಿನಲ್ಲಿ ಒಬ್ಬರಿಗೊಬ್ಬರು ಕಳಿಸುವ ಸ್ಟಿಕ್ಕರಿಗೆ ಈಗ ಎಲ್ಲರಿಗೂ ಇದೇ ಬೇಕು. ಒಬ್ಬರನ್ನು ಒಂದೇ ಬಣ್ಣದ ಬಟ್ಟೆಯ ಮುಂದೆ ನಿಲ್ಲಿಸಿ ಸಣ್ಣ ವಿಡಿಯೋ ತೆಗೆಯುತ್ತಾರೆ. ಅದನ್ನು ಒಂದೊಂದೇ ಚಿತ್ರವಾಗಿ ಬಿಡಿಸಿ, ಪ್ರತಿಯೊಂದರಲ್ಲೂ ಹಿಂದಿನ ಬಟ್ಟೆಯನ್ನು ಅಳಿಸಿ, ಮತ್ತೆ ಜೋಡಿಸುತ್ತಾರೆ. ಆಮೇಲೆ ಆ ಮನುಷ್ಯ ಎಲ್ಲಿ ಬೇಕಾದರೂ ನಿಲ್ಲಬಹುದು. ಹೂವಿನ ಮೇಲೆ, ದೇವರ ಪಕ್ಕದಲ್ಲಿ, ಯಾರದೋ ಮೆಸೇಜಿನ ಕೆಳಗೆ. ಹಿಂದೆ ಏನೂ ಇರುವುದಿಲ್ಲ. ಆ ಏನೂ ಇಲ್ಲದ ಜಾಗ ಕಂಪ್ಯೂಟರಿನಲ್ಲಿ ಬೂದು ಬಿಳಿ ಚೌಕಗಳಾಗಿ ಕಾಣುತ್ತದೆ. ಭಾಯಿ ಅದನ್ನು ಬಯಲು ಎನ್ನುತ್ತಿದ್ದರು.

"ಮೊದ್ಲು ಬಯಲು ಮಾಡ್ಬೇಕು. ಆಮ್ಯಾಲೆ ಮನಿಷ."

ಒಂದು ಚಿತ್ರ ಮುಗಿದ ಕೂಡಲೇ ಕೊಟ್ಟುಬಿಡುವವರಲ್ಲ. ಮೊದಲು ಬಿಳಿಯ ಮೇಲಿಟ್ಟು ನೋಡುವರು, ಆಮೇಲೆ ಕೆಂಪಿನ ಮೇಲೆ, ಕೊನೆಗೆ ಕಪ್ಪಿನ ಮೇಲೆ. ಬಿಳಿಯ ಮೇಲೆ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಕಪ್ಪಿನ ಮೇಲಿಟ್ಟಾಗ ಕೂದಲಿನ ಸುತ್ತ, ಕಿವಿಯ ಸುತ್ತ ಉಳಿದುಹೋದ ಅಂಚು ಬೂದಿ ಮೆತ್ತಿದ ಹಾಗೆ ಎದ್ದು ಬರುತ್ತದೆ. ಆ ಬೂದಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬೆನ್ನು ಬಾಗಿಸಿ, ಗಲ್ಲ ಮೇಜಿಗೆ ತಾಗುವಷ್ಟು ಬಗ್ಗಿ, ಮತ್ತೆ ಮೊದಲಿನಿಂದ ಒರೆಸುತ್ತಿದ್ದರು.

ಬೆಣ್ಣೆದೋಸೆ ಹೋಟೆಲಿನ ಒಬ್ಬ ಸಾಹುಕಾರರು ದೋಸೆ ಮಗುಚುವ ಸ್ಟಿಕ್ಕರ್ ಮಾಡಿಸಲು ಬಂದಿದ್ದರು. ಬಿಳೀ ಬನಿಯನ್ ಹಾಕಿಕೊಂಡು ಹಸಿರು ಬಟ್ಟೆಯ ಮುಂದೆ ನಿಂತರು. ಬನಿಯನ್ ಮೇಲೆಲ್ಲ ಬಟ್ಟೆಯ ಹಸಿರು ಬಿದ್ದಿತ್ತು.

"ಭಾಯಿ, ನಾನೇನು ಕೆರಿಯಾಗಿಂದ ಎದ್ದು ಬಂದೀನಾ? ಪಾಚಿ ಹಿಡದಂಗೆ ಕಾಣ್ತೀನಲ್ಲಪ್ಪ!"

"ಸಾಹುಕಾರ್ರೆ, ನಿಮ್ಮ ಬಣ್ಣ ಹಂಗೇ ಐತೆ. ಇದು ಬಟ್ಟೆ ಬಣ್ಣ. ತೆಗೀತೀನಿ, ಕೂಡ್ರಿ."

"ಹೊಟ್ಟಿನೂ ಒಂಚೂರು ತೆಗಿ ಮತ್ತೆ."

"ಅದು ಬಟ್ಟೆದಲ್ಲ ಸಾಹುಕಾರ್ರೆ, ನಿಮ್ಮ ಹೋಟೆಲಿಂದು. ಅದು ಇರ್ಲಿ."

ಸಾಹುಕಾರರು ನಗುತ್ತಾ ಕೆಳಗಿಳಿದು ಹೋಗಿದ್ದರು. ಭಾಯಿ ನಗಿಸುತ್ತಿದ್ದುದು ಹೀಗೆ, ತಾವು ನಗದೆ.

ಅವರು ಕೆಲಸ ಬೇಡವೆಂದದ್ದನ್ನೂ ನೋಡಿದ್ದೇನೆ. ಅಣ್ಣತಮ್ಮಂದಿರಿಬ್ಬರು ತಂದೆಯ ಫೋಟೋ ತಂದಿದ್ದರು. ದೀಪ ಉರಿಯುತ್ತಾ ಹಾರ ತಾನಾಗಿ ಬಂದು ಕೊರಳಿಗೆ ಬೀಳುವ ಹಾಗೆ ಮಾಡಿಕೊಡಿ ಎಂದರು. ಯಾವಾಗ ಹೋದರು ಎಂದು ಭಾಯಿ ಕೇಳಿದರು. ಇಬ್ಬರೂ ಮುಖ ಮುಖ ನೋಡಿಕೊಂಡರು. "ಆಸ್ಪತ್ರೆಯಾಗೆ ಅದಾರೆ. ಡಾಕ್ಟ್ರು ಹೇಳಿಬಿಟ್ಟಾರೆ. ಆಮ್ಯಾಲೆ ಗಡಿಬಿಡಿ ಆಕ್ಕೈತಿ ಅಂತ..." ಭಾಯಿ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು. "ಉಸಿರಾಡೋರ ಕೊರಳಿಗೆ ನಾನು ಹಾರ ಹಾಕಲ್ರಿ. ಆಮ್ಯಾಲೆ ಬರ್ರಿ, ಎಷ್ಟೊತ್ತಿದ್ರೂ ಮಾಡಿಕೊಡ್ತೀನಿ." ಅವರು ಹೋದಮೇಲೆ ಬಹಳ ಹೊತ್ತು ಕಂಪ್ಯೂಟರ್ ಮುಟ್ಟಲಿಲ್ಲ.

ಭಾಯಿಯ ಮನೆ ಹರಿಹರದಲ್ಲಿ. ಮನೆತನದ ಕಸುಬು ಬಳೆ ವ್ಯಾಪಾರ. ತಾಯಿ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಬಳೆ ತೊಡಿಸುತ್ತಿದ್ದರಂತೆ. ಈಗ ಅಕ್ಕ ಅಲ್ಲೇ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ. ಚಿಕ್ಕಂದಿನಲ್ಲಿ ತಾಯಿಯ ಪಕ್ಕದಲ್ಲಿ ಕೂತು ನೋಡಿದ್ದನ್ನು ಭಾಯಿ ನನಗೆ ಹೇಳಿದ್ದರು. ಹಳೇ ಬಳೆ ತೆಗೆಯುವಾಗ ತಾಯಿ ಎಲ್ಲವನ್ನೂ ಎಂದೂ ತೆಗೆಯುತ್ತಿರಲಿಲ್ಲ. ಒಂದನ್ನು ಕೈಯಲ್ಲೇ ಬಿಟ್ಟು, ಹೊಸದು ಏರಿದ ಮೇಲೆ ಅದನ್ನು ಇಳಿಸುತ್ತಿದ್ದರು. ಮುತ್ತೈದೆಯ ಕೈ ಒಂದು ಗಳಿಗೆಯೂ ಬರಿದಾಗಿರಬಾರದು.

ಇದನ್ನು ಅವರು ಕಂಪ್ಯೂಟರಿಗೂ ತಂದಿದ್ದರು. ಹಸಿರು ಬಟ್ಟೆಯ ಮುಂದೆ ನಿಂತು ತೆಗೆದ ವಿಡಿಯೋದಲ್ಲಿ ಹಸಿರನ್ನು ಅಳಿಸು ಎಂದರೆ ಯಂತ್ರ ಎಲ್ಲ ಹಸಿರನ್ನೂ ಅಳಿಸುತ್ತದೆ. ಬಟ್ಟೆ ಯಾವುದು, ಗಾಜಿನ ಬಳೆ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಹೆಂಗಸರು ಬಂದರೆ ಭಾಯಿ ನೀಲಿ ಬಟ್ಟೆಯನ್ನೇ ಕಟ್ಟುತ್ತಿದ್ದರು. ನೀಲಿ ಸಿಗದ ದಿನ ಮೊದಲು ಬಳೆಗಳನ್ನು ಬೇರೆ ಮಾಡಿ ತೆಗೆದಿಟ್ಟುಕೊಂಡು, ಆಮೇಲೆ ಬಟ್ಟೆ ಅಳಿಸುತ್ತಿದ್ದರು. ಒಂದೊಂದು ಚಿತ್ರಕ್ಕೂ ಹೀಗೆ. ಯಾರೂ ಕೇಳದ ಕೆಲಸ.

ನನಗೆ ಏಳು ತಿಂಗಳಾದಾಗ ಕುಬುಸ ಮಾಡಿದರು. ನಮ್ಮ ಕಡೆ ಸೀಮಂತಕ್ಕೆ ಹಾಗೆನ್ನುತ್ತಾರೆ. ಕೆಂಪು ಸೀರೆ, ಎರಡೂ ಕೈತುಂಬ ಹಸಿರು ಬಳೆ. ಮರುದಿನ ಅದೇ ಸೀರೆ ಬಳೆಯಲ್ಲಿ ಬಾ, ಸ್ಟುಡಿಯೋ ಕಡೆಯಿಂದ ಒಂದು ಅಲುಗಾಡುವ ಚಿತ್ರ ಮಾಡಿಕೊಡೋಣ ಎಂದು ಮಾಲೀಕರು ಹೇಳಿದ್ದರು. ನೀಲಿ ಬಟ್ಟೆ ಎಸ್.ಎಸ್. ಬಡಾವಣೆಯ ಒಂದು ಮದುವೆ ಮನೆಗೆ ಹೋಗಿತ್ತು. ಹಸಿರು ಬಟ್ಟೆ ಕಟ್ಟುವ ಸ್ಟ್ಯಾಂಡಿನ ಒಂದು ಕಾಲು ಮುರಿದಿತ್ತು. ಭಾಯಿ ಬೇಡವೆಂದರು.

"ಎರಡು ದಿನ ತಡೀರಿ ಸರ್. ನೀಲಿ ಬರ್ಲಿ."

"ಹುಡುಗಿ ಮತ್ತೆ ಮತ್ತೆ ಇದೆಲ್ಲ ಉಟ್ಕೊಂಡು ಮೆಟ್ಟಿಲು ಹತ್ತಬೇಕೇನ್ರಿ? ಹಿಡ್ಕೊಳ್ರಿ ಒಂದು ತುದಿ."

ಭಾಯಿ ಹಿಂದೆ ಸ್ಟೂಲಿನ ಮೇಲೆ ನಿಂತು ಬಟ್ಟೆಯ ಮೂಲೆಯನ್ನು ಮೇಲಕ್ಕೆ ಎತ್ತಿ ಹಿಡಿದರು. ನನಗೆ ಅವರು ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. "ಕೈ ಎತ್ತು ತಂಗ್ಯವ್ವ. ಮುಗಿ. ನಗು ಒಂಚೂರು. ಹೊಟ್ಟ್ಯಾಗಿನ ಕೂಸೂ ನಗಬೇಕು." ನಾನು ನಕ್ಕೆ. ಬಳೆಗಳು ಸದ್ದು ಮಾಡಿದವು.

ಬಳೆಗಳನ್ನು ನಾಳೆ ಬಂದು ಬೇರೆ ಮಾಡುತ್ತೇನೆ, ಯಾರೂ ಮುಟ್ಟಬೇಡಿ ಎಂದು ಹೇಳಿ ಭಾಯಿ ಸಂಜೆಯ ಬಸ್ಸಿಗೆ ಹರಿಹರಕ್ಕೆ ಹೋದರು. ಮಾಲೀಕರು ಹೊಸದಾಗಿ ಒಂದು ಸಾಫ್ಟ್‌ವೇರ್ ಹಾಕಿಸಿದ್ದರು. ಒಂದು ಗುಂಡಿ ಒತ್ತಿದರೆ ಹಿಂಬದಿ ತಾನಾಗಿ ಹೋಗುತ್ತದೆ ಎಂದು ಅವರಿಗೆ ಅದರ ಮೇಲೆ ಬಹಳ ಪ್ರೀತಿ. ಒತ್ತಿದರು. ಬಿಳಿ ಪರದೆಯ ಮೇಲೆ ಸಣ್ಣದಾಗಿ ನೋಡಿದರು, ಚೆನ್ನಾಗಿ ಕಂಡಿತು, ನನ್ನ ಯಜಮಾನರ ಫೋನಿಗೆ ಕಳಿಸಿದರು. ಯಜಮಾನರೂ ಖುಷಿಯಲ್ಲಿ ದಿಟ್ಟಿಸಿ ನೋಡಲಿಲ್ಲ. ಮನೆತನದ ಗುಂಪಿಗೆ ಹಾಕಿಬಿಟ್ಟರು. ನೆಂಟರಿಷ್ಟರ ಕೈಗೆಲ್ಲ ಹೋಯಿತು.

ಅತ್ತೆಯ ಫೋನಿನ ಪರದೆ ಕಪ್ಪು. ಕಣ್ಣಿಗೆ ತಂಪು ಎಂದು ಮಗನೇ ಹಾಗೆ ಇಟ್ಟುಕೊಟ್ಟಿದ್ದ. ಆ ಕಪ್ಪಿನ ಮೇಲೆ ಕೆಂಪು ಸೀರೆಯ ನಾನು ನಗುತ್ತಿದ್ದೆ. ತೋಳುಗಳು ಮಣಿಕಟ್ಟಿನವರೆಗೆ ಇದ್ದವು. ಬಳೆಗಳಿದ್ದ ಜಾಗದಲ್ಲಿ ಏನೂ ಇರಲಿಲ್ಲ, ಕತ್ತಲೆ. ಅದರಾಚೆ ಎರಡು ಅಂಗೈಗಳು ಬೇರೆಯಾಗಿ ತೇಲುತ್ತಾ ಒಂದನ್ನೊಂದು ಸೇರುತ್ತಿದ್ದವು, ಬಿಡುತ್ತಿದ್ದವು, ಮತ್ತೆ ಸೇರುತ್ತಿದ್ದವು. ನನ್ನ ತಲೆಯ ಮೇಲೆ ಒಂದು ಮೂಲೆಯಲ್ಲಿ, ಯಾವುದಕ್ಕೂ ಅಂಟದೆ, ಯಾರದೋ ನಾಲ್ಕು ಬೆರಳು ಬಿಗಿಯಾಗಿ ಏನನ್ನೋ ಹಿಡಿದಿದ್ದವು. ಬಟ್ಟೆ ಅಳಿಸಿಹೋಗಿ ಬೆರಳು ಉಳಿದುಕೊಂಡಿದ್ದವು.

ಅತ್ತೆ ಕೂಗಲಿಲ್ಲ. ಫೋನನ್ನು ನೆಲದ ಮೇಲೆ ಬೋರಲಾಗಿ ಇಟ್ಟು, ನನ್ನ ಕೈ ಹಿಡಿದು ಬಳೆಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಬೆಳಿಗ್ಗೆ ನನ್ನ ಜೊತೆ ಸ್ಟುಡಿಯೋಕ್ಕೆ ಬಂದರು. ಮಾಲೀಕರು ವಿಷಯ ತಿಳಿದು ಕೌಂಟರಿನ ಡ್ರಾಯರಿನಲ್ಲಿ ಏನೋ ಹುಡುಕತೊಡಗಿದರು. ಅತ್ತೆ ಒಳಕೋಣೆಯ ಬಾಗಿಲಲ್ಲಿ ನಿಂತು ಫೋನ್ ಹಿಡಿದರು.

"ಈ ಬೆರಳು ಯಾರ್ದು?"

ಭಾಯಿ ನೋಡಿದರು. ಚಿತ್ರ ಹೊರಗೆ ಹೋಗಿದೆ ಎಂಬುದೇ ಅವರಿಗೆ ಆಗ ಗೊತ್ತಾದದ್ದು.

"ನಂದು ಅವ್ವಾರೆ."

"ನಮ್ಮ ಸೊಸಿ ಬಳಿ ಎಲ್ಲಿ ಹೋದ್ವು? ಬಸುರಿ ಹೆಣ್ಣುಮಗಳ ಕೈ ಹಿಂಗೆ ಕಡಿದು ಊರಿಗೆಲ್ಲ ಹಂಚಿದ್ಯಲ್ಲೋ!"

"ಅತ್ತೆ, ಇದು ಅವ್ರು ಮಾಡಿದ್ದಲ್ಲ..." ಎಂದೆ. ಭಾಯಿ ನನ್ನ ಕಡೆ ಅಂಗೈ ತೋರಿಸಿದರು. "ನೀ ಕೂಡ್ರು ತಂಗ್ಯವ್ವ. ನಿಂತ್ಕೋಬ್ಯಾಡ."

"ನನ್ನ ಮಗ ದಿನಾ ಗಾಡಿ ಮ್ಯಾಲೆ ಹರಿಹರಕ್ಕೆ ಹೋಗಿ ಬರ್ತಾನೆ. ಆ ರೋಡಿನಾಗೆ ಲಾರಿ ಹೆಂಗೆ ಓಡ್ತಾವೆ ಗೊತ್ತೈತಾ ನಿನಗೆ? ಅವನಿಗೆ ಏನಾರ ಆದ್ರೆ?"

"ಆಗಲ್ಲ ಅವ್ವಾರೆ."

"ಆಗಲ್ಲ ಅನ್ನಾಕೆ ನೀನ್ಯಾರು?"

ಭಾಯಿ ಕುರ್ಚಿಯಿಂದ ಎದ್ದು ನಿಂತರು. ಆಮೇಲೆ, ಚಹಾ ತಂದವನಿಗೆ ಆ ಲೋಟ ಇತ್ತ ಕೊಡಪ್ಪ ಎನ್ನುವಷ್ಟು ಸಲೀಸಾಗಿ, "ಬರೋದು ಏನಾರ ಇದ್ರೆ ನನಗೆ ಬರ್ಲಿ ಬಿಡ್ರಿ" ಎಂದರು.

ಅತ್ತೆ ಅವರನ್ನೇ ನೋಡಿದರು. "ನೀನೇ ಅಂದಿ."

"ಹೂಂ. ನಾನೇ ಅಂದೆ."

ಅತ್ತೆ ಸೆರಗು ಹೊದ್ದು ಮೆಟ್ಟಿಲಿಳಿದು ಹೋದರು. ಮಾಲೀಕರು ಡ್ರಾಯರ್ ಮುಚ್ಚಿ, "ಏನ್ ಭಾಯಿ, ಹಂಗೆಲ್ಲ ಅಂತಾರೇನು ಯಾರಾದ್ರೂ?" ಎಂದರು. "ಹಿರೇರು ಸರ್. ಅವ್ರಿಗೆ ನಿದ್ದಿ ಬರ್ಬೇಕಲ್ಲ" ಎಂದು ಭಾಯಿ ಕಂಪ್ಯೂಟರಿನ ಕಡೆ ತಿರುಗಿದರು. ಅವತ್ತೂ ಮರುದಿನವೂ ಬೇರೆ ಕೆಲಸ ಮುಟ್ಟಲಿಲ್ಲ. ಒಂದೊಂದು ಚಿತ್ರದಲ್ಲೂ ನನ್ನ ಬಳೆಗಳನ್ನು ಒಂದೊಂದಾಗಿ ಮತ್ತೆ ತೊಡಿಸಿದರು. ತಮ್ಮ ಬೆರಳುಗಳನ್ನು ಒರೆಸಿ ತೆಗೆದರು. ಕಪ್ಪಿನ ಮೇಲಿಟ್ಟು ನೋಡಿದರು. ಯಜಮಾನರಿಂದ ನಂಬರುಗಳನ್ನು ತೆಗೆದುಕೊಂಡು ನಮ್ಮ ನೆಂಟರಿಗೆಲ್ಲ ತಾವೇ ಫೋನ್ ಮಾಡಿದರು. "ಹಳೇದು ಅಳಿಸಿಬಿಡ್ರಿ ಅಕ್ಕಾರೆ, ತಪ್ಪು ಹೋಗೈತಿ. ಹೊಸದು ಕಳಿಸೀನಿ ನೋಡ್ರಿ." ಕೆಲವರು ನಕ್ಕರು. ಕೆಲವರು ಯಾರಪ್ಪ ನೀನು ಎಂದರು. ಎಲ್ಲರೂ ಅಳಿಸಿದರು. ನಾನು ಮಾತ್ರ ಅಳಿಸಲಿಲ್ಲ. ಯಾಕೆಂದು ಆಗ ನನಗೂ ತಿಳಿದಿರಲಿಲ್ಲ.

ಭಾಯಿ ಬೆಳಿಗ್ಗೆ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಬರುವ ಹೊತ್ತಿಗೇ ನನ್ನ ಯಜಮಾನರು ದಾವಣಗೆರೆಯಿಂದ ಹರಿಹರದ ಕಾರ್ಖಾನೆಗೆ ಬೈಕಿನಲ್ಲಿ ಹೋಗುತ್ತಿದ್ದರು. ಮೊದಲೆಲ್ಲ ಭಾಯಿ ತಮಾಷೆ ಮಾಡುವರು. "ನಿಮ್ಮ ಯಜಮಾನ್ರು ಕಂಡ್ರು ಇವತ್ತು. ಹೆಲ್ಮೆಟ್ ತೆಲಿ ಮ್ಯಾಲೆ ಇರ್ಲಿಲ್ಲ, ಟ್ಯಾಂಕಿನ ಮ್ಯಾಲಿತ್ತು. ಟ್ಯಾಂಕು ಭಾಳ ನಾಜೂಕು ಅನ್ನಿಸ್ತೈತೆ." ಆ ದಿನದ ನಂತರ ತಮಾಷೆ ನಿಂತಿತು. ಮೆಟ್ಟಿಲು ಹತ್ತಿ ಬಂದವರು ಚಪ್ಪಲಿ ಬಿಡುವ ಮೊದಲೇ "ಕಂಡ್ರು" ಎನ್ನುತ್ತಿದ್ದರು. ಅಷ್ಟೇ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಗದಿದ್ದರೆ ಬಾಗಿಲ ಹತ್ತಿರ ನಿಂತೇ ಬರುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ಸಂಜೆ ಆನೆಕೊಂಡದ ನಮ್ಮ ಮನೆಯ ಗೇಟಿನ ಬಳಿ ಅತ್ತೆ ನಿಂತಿರುತ್ತಿದ್ದರು. ಮಗನ ಬೈಕಿನ ಸದ್ದು ತಿರುವಿನಲ್ಲಿ ಕೇಳುವವರೆಗೂ ಒಳಗೆ ಬರುತ್ತಿರಲಿಲ್ಲ. ಊಟ ಕಡಿಮೆ ಮಾಡಿದರು. ನಿದ್ದೆ ಹೋಗಿತ್ತು.

ನನಗೆ ಒಂಬತ್ತು ತುಂಬುವ ಹೊತ್ತಿಗೆ ಒಂದು ದಿನ ಭಾಯಿ ನನ್ನನ್ನು ಒಳಗೆ ಕರೆದು ತಮ್ಮ ಅಂಗೈಯನ್ನು ಪರದೆಯ ಬಿಳಿಯ ಮೇಲೆ ಇಟ್ಟು ತೋರಿಸಿದರು.

"ನೋಡು ತಂಗ್ಯವ್ವ, ಹಳದಿ ಬಿದ್ದೈತೆ. ನಮ್ಮಲ್ಲಿ ಹಳದಿ ಬಟ್ಟೆನೇ ಇಲ್ಲಲ್ಲ?"

ನಾನು ಅವರ ಕಣ್ಣು ನೋಡಿದೆ. ಬಿಳಿಗುಡ್ಡೆ ಅರಿಶಿನ ಕಲಸಿದ ಹಾಗಿತ್ತು.

"ಭಾಯಿ, ಕಾಮಾಲೆ ಇದು. ಆಸ್ಪತ್ರೆಗೆ ಹೋಗ್ರಿ."

"ಹೋಗ್ತೀನಿ. ಒಂದು ಹಳ್ಳ್ಯಾಗ ಬೇರು ಅರೆದು ಕೊಡ್ತಾರಂತೆ. ಅದು ಮೊದ್ಲು ನೋಡ್ತೀನಿ."

ಬೇರು ಕುಡಿದರು. ಎಣ್ಣೆ ಉಪ್ಪು ಬಿಟ್ಟರು. ಕೆಲಸಕ್ಕೆ ಬಂದರು. ಹಳದಿ ಇಳಿಯಲಿಲ್ಲ. ಚಿತ್ರಗಳ ಅಂಚಿನಲ್ಲಿ ಬೂದಿ ಉಳಿಯತೊಡಗಿತು. ಕಪ್ಪಿನ ಮೇಲಿಟ್ಟು ನೋಡಿಯೂ ಅದು ಅವರಿಗೆ ಕಾಣುತ್ತಿರಲಿಲ್ಲ. ನಾನು ಹೇಳಲಿಲ್ಲ, ಮಾಲೀಕರೂ ಹೇಳಲಿಲ್ಲ.

ಮನೆಯಲ್ಲಿ ಒಮ್ಮೆ ಬಾಯಿ ತಪ್ಪಿ, ಭಾಯಿಗೆ ಹುಷಾರಿಲ್ಲ ಎಂದೆ. ಅತ್ತೆ ಹೂವು ಕಟ್ಟುತ್ತಿದ್ದವರು ತಲೆ ಎತ್ತಿದರು. "ಏನಾಗೈತಿ?" ಹೇಳಿದೆ. ಮತ್ತೆ ಹೂವಿಗೆ ತಿರುಗಿದರು. ಆದರೆ ಅವತ್ತಿನಿಂದ ನಾನು ಮನೆಗೆ ಬಂದ ಕೂಡಲೇ ನೀರು ಕೊಡುತ್ತಾ ಕೇಳುತ್ತಿದ್ದರು. "ಆ ಮನಿಷ ಹೆಂಗದಾನೆ?"

ಅವರ ಮನಸ್ಸು ಕರಗಿದೆ ಎಂದುಕೊಂಡೆ. "ಹಂಗೇ ಇದಾರೆ ಅತ್ತೆ" ಎಂದರೆ ಮುಖ ಗಂಟಿಕ್ಕುತ್ತಿತ್ತು. "ಇವತ್ತು ಬಂದಿರ್ಲಿಲ್ಲ" ಎಂದ ದಿನ "ಪಾಪ" ಎಂದು ಒಳಗೆ ಹೋದರು, ಸಂಜೆ ಗೇಟಿನ ಹತ್ತಿರ ಅಷ್ಟು ಹೊತ್ತು ನಿಲ್ಲಲಿಲ್ಲ. ಅವರನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಹೇಳಿದ ದಿನ ಗೇಟಿಗೆ ಹೋಗಲೇ ಇಲ್ಲ. ಅಡುಗೆಮನೆಯಲ್ಲಿ ಕೂತು ಎರಡು ರೊಟ್ಟಿ ತಿಂದರು. ಅವರು ಕೇಳುತ್ತಿದ್ದುದು ಏನನ್ನು ಎಂದು ನನಗೆ ಆಗ ಅರ್ಥವಾಯಿತು. ಅರ್ಥವಾದ ಮೇಲೂ ಅವರು ಕೊಟ್ಟ ನೀರನ್ನು ಕುಡಿದೆ. ಅವರು ಕೆಟ್ಟವರಲ್ಲ. ಒಬ್ಬನೇ ಮಗ.

ಹೆರಿಗೆಗೆ ಆನಗೋಡಿನ ತವರಿಗೆ ಹೋದೆ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದೆವು. ತೊಟ್ಟಿಲಿಗೆ ಹಾಕಿದ ಮೇಲೆ ಒಂದು ಮಧ್ಯಾಹ್ನ ಅತ್ತೆ ಮೊಮ್ಮಗಳನ್ನು ನೋಡಲು ಬಂದರು. ತೊಟ್ಟಿಲು ತೂಗುತ್ತಾ, ಹಾಡಿನ ನಡುವೆ ಹೇಳುವ ಹಾಗೆ ಹೇಳಿದರು. "ಆ ಮನಿಷ ಹೋದ್ನಂತೆ."

ನನಗೆ ಅಳಲು ಆಗಲಿಲ್ಲ. ಬಾಣಂತಿ ಅಳಬಾರದು ಎಂದು ಅವ್ವ ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಅತ್ತೆ ನನ್ನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ತಿಂಗಳುಗಳಿಂದ ಅವರು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ತೊಟ್ಟಿಲಿನ ಹಗ್ಗದ ಮೇಲಿತ್ತು. ಅವರಿಗೆ ನಿದ್ದೆ ಬರಬೇಕಲ್ಲ ಎಂದು ಭಾಯಿ ಹೇಳಿದ್ದರು. ಬಂದಿತ್ತು.

ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಕೆಲವು ತಿಂಗಳ ನಂತರ ಮಗುವನ್ನು ಎತ್ತಿಕೊಂಡು ಹರಿಹರಕ್ಕೆ, ಅವರ ಅಕ್ಕನ ಬಳೆ ಅಂಗಡಿಗೆ ಹೋದೆ. ಯಾರೆಂದು ಹೇಳಿದೆ. ಅಕ್ಕನನ್ನು ಅವರಲ್ಲಿ ಆಪಾ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಆಪಾ ಮಗುವಿನ ಗಲ್ಲ ಮುಟ್ಟಿ, ಕೂಡ್ರವ್ವ ಎಂದರು. ಮಾತಿನ ನಡುವೆ ಮಾಲೀಕರು ಫೋಟೋ ಹುಡುಕಿದ ಸುದ್ದಿ ಬಂತು.

"ತೆಗಸ್ಕೊಂಡ್ರೆ ತಾನೆ ಇರಾದು? ಫೋಟೋ ಅಂದ್ರೆ ಹಿಂದ್ಕ ಹೋಗಿ ನಿಲ್ತಿದ್ದ."

ನಾನು ಫೋನ್ ತೆಗೆದು ಆ ಚಿತ್ರ ತೋರಿಸಿದೆ. ತೋರಿಸಬೇಕೆಂದು ಹೋದವಳಲ್ಲ. ಕೈ ತಾನಾಗಿ ತೆಗೆಯಿತು. ಆಪಾ ಕನ್ನಡಕ ಏರಿಸಿ ಮೂಲೆಯ ಬೆರಳುಗಳನ್ನು ನೋಡಿದರು. ತೋರುಬೆರಳಿನ ಉಗುರು ಅರ್ಧ ಕರ್ರಗಿತ್ತು, ಎಂದೋ ಬಾಗಿಲಿಗೆ ಸಿಕ್ಕಿದ್ದು. "ಅವನೇ" ಎಂದರು. ಫೋನಿನ ಮೇಲೆ ಹೆಬ್ಬೆರಳಿನಿಂದ ಸವರಿದರು. ಆಮೇಲೆ ಅವರ ಕಣ್ಣು ಕೆಳಗಿಳಿಯಿತು. ನನ್ನ ತೋಳು, ಖಾಲಿ ಜಾಗ, ಸೇರುತ್ತಾ ಬಿಡುತ್ತಾ ಇರುವ ಅಂಗೈ. ಬಳೆ ತೊಡಿಸುವ ಮನೆತನದವರು. ಏನಾಗಿದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಆಸ್ಪತ್ರೆಯಾಗೆ ಮಲಗಿದಾಗ ಒಂದೇ ಕೇಳ್ತಿದ್ದ" ಎಂದರು ನಿಧಾನವಾಗಿ. "ಬೆಳಿಗ್ಗಿ ಬಂದೋರ್ನೆಲ್ಲ. ರೋಡಿನಾಗೆ ಆ ಹುಡುಗಿ ಯಜಮಾನ್ರು ಕಂಡ್ರಾ, ಬೈಕಿನ ಮ್ಯಾಲೆ ಹೋದ್ರಾ ಅಂತ. ನಮಗೇನು ಗೊತ್ತು ಯಾವ ಬೈಕು, ಯಾವ ಯಜಮಾನ್ರು? ಕಂಡ್ರು ಅಂತಿದ್ವಿ. ಅಂದ್ರೆ ಸುಮ್ಮನಾಗಿ ಕಣ್ಣು ಮುಚ್ತಿದ್ದ." ಫೋನನ್ನು ನನ್ನ ಕೈಗೆ ಕೊಡುತ್ತಾ ಕೇಳಿದರು. "ಚೆನ್ನಾಗದಾರಾ ನಿಮ್ಮನಿಯವ್ರು?"

"ಚೆನ್ನಾಗಿದಾರೆ ಆಪಾ."

ಅವರು ತಲೆದೂಗಿದರು. ನನ್ನ ಕೈ ಎಳೆದು ತೊಡೆಯ ಮೇಲಿಟ್ಟುಕೊಂಡರು. ಕುಬುಸದ ಬಳೆಗಳಲ್ಲಿ ಅರ್ಧ ಉಳಿದಿದ್ದವು. ಅವನ್ನು ಒಂದೊಂದಾಗಿ ಇಳಿಸಿ, ಒಂದನ್ನು ಕೈಯಲ್ಲೇ ಬಿಟ್ಟರು. ಹೊಸ ಹಸಿರು ಬಳೆಗಳನ್ನು ಏರಿಸುವಾಗ "ಕೈ ಮೆತ್ತಗ ಬಿಡವ್ವ, ಬಿಗಿ ಹಿಡಿಬ್ಯಾಡ" ಎಂದರು. ಅವರ ಬೆರಳುಗಳೂ ಚಿತ್ರದಲ್ಲಿದ್ದ ಬೆರಳುಗಳ ಹಾಗೆಯೇ ಉದ್ದ, ತುದಿಯಲ್ಲಿ ಚಪ್ಪಟೆ. ಕೊನೆಗೆ ಆ ಹಳೆಯದೊಂದನ್ನು ಇಳಿಸಿ ತಮ್ಮ ಹತ್ತಿರವೇ ಇಟ್ಟುಕೊಂಡರು.

ಮನೆಗೆ ಬಂದಾಗ ಅತ್ತೆ ಮಗುವನ್ನು ತೆಗೆದುಕೊಳ್ಳುತ್ತಾ ನನ್ನ ಕೈ ನೋಡಿದರು.

"ಎಲ್ಲಿ ಇಡಿಸ್ಕೊಂಡಿ?"

"ಹರಿಹರದಾಗೆ. ಭಾಯಿ ಅಕ್ಕ ಇಟ್ರು."

ಅತ್ತೆ ಮಗುವನ್ನು ಎದೆಗೆ ಒತ್ತಿಕೊಂಡರು. "ತಗಿ ಅವನ್ನ. ಈಗ್ಲೇ ತಗಿ. ಅವನು ಹೊತ್ಕೊಂಡು ಹೋದದ್ದು ಆ ಮನಿಯಿಂದ ತಿರುಗಿ ಬರಬಾರದು. ಬ್ಯಾರೆ ತರ್ತೀನಿ."

"ತೆಗಿಯಲ್ಲ ಅತ್ತೆ" ಎಂದೆ. ಅವರಿಗೆ ಎದುರಾಡಿದ್ದು ಅದೇ ಮೊದಲು.

ಅವರು ಮಗುವನ್ನು ನನಗೆ ವಾಪಸು ಕೊಟ್ಟರು. ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸಂಜೆಯಾಗುತ್ತಿತ್ತು. ಬಾಗಿಲಿನಿಂದ ನೋಡಿದೆ. ಗೇಟಿನ ಸರಳನ್ನು ನಾಲ್ಕು ಬೆರಳಿನಿಂದ ಬಿಗಿಯಾಗಿ ಹಿಡಿದು, ತಿರುವಿನ ಕಡೆ ಮುಖ ಮಾಡಿ ಅತ್ತೆ ನಿಂತಿದ್ದರು. ಬೈಕಿನ ಸದ್ದು ಇನ್ನೂ ಬಂದಿರಲಿಲ್ಲ. ಈಗ ದಿನಾ ಸಂಜೆ ಅಲ್ಲಿ ನಿಲ್ಲುತ್ತಾರೆ. ಮಗುವನ್ನು ಎತ್ತಿಕೊಂಡು ನಾನೂ ಅವರ ಪಕ್ಕ ಹೋಗಿ ನಿಲ್ಲುತ್ತೇನೆ. ಬೆಳಿಗ್ಗೆ "ಕಂಡ್ರು" ಎಂದು ಹೇಳುವವರು ಈಗ ಯಾರೂ ಇಲ್ಲ.